ಬೆಲ್ಲದ ತಕ್ಕಡಿಯಲ್ಲಿ ಕೂಸು ತೂಗಿದೆವು: ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ದಾವಣಗೆರೆ.
ಜೊತೆಗೆ ನಮ್ಮೂರಿನ ಮೆಡಿಕಲ್ ಕಾಲೇಜುಗಳ ಮಕ್ಕಳ ವಿಭಾಗದ ಹಿರಿಯರಿಗೆ, ಮತ್ತು ಓಣಿ ಓಣಿಯಲ್ಲಿ ಕ್ಲಿನಿಕ್ ಇಟ್ಟುಕೊಂಡು ನಮ್ಮನ್ನೆಲ್ಲ ಕಾಯುತ್ತಿರುವ ಡಾಕ್ಟರುಗಳಿಗೆ.

ಮಾನ್ಯರೇ,

ನಾನು ಡಾಕ್ಟರ್ ಅಲ್ಲ. ಡಿ.ಫಾರ್ಮಾ ಓದಿ, ನಿಟುವಳ್ಳಿಯಲ್ಲಿ 26 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ದಿನಕ್ಕೆ ನೂರಾರು ಚೀಟಿ ನನ್ನ ಕೈ ಮೇಲೆ ಹಾಯುತ್ತವೆ. ಯಾವ ಡಾಕ್ಟರ ಅಕ್ಷರ ಯಾವುದು, ಯಾರು ಯಾವ ಜ್ವರಕ್ಕೆ ಏನು ಬರೆಯುತ್ತಾರೆ ಅನ್ನೋದೆಲ್ಲ ಬಾಯಿಪಾಠ. ಹಾಗಾಗಿ ಈ ಪತ್ರ ಯಾರ ಮೇಲಿನ ದೂರೂ ಅಲ್ಲ. ಕೌಂಟರಿನ ಈಚೆ ನಿಂತವನಿಗೆ ಏನು ಕಾಣುತ್ತದೆ ಅಂತ ಹೇಳಬೇಕು ಅನಿಸಿತು, ಅಷ್ಟೇ. ಕೇಳಿಕೊಳ್ಳುವುದು ಇಷ್ಟು: ನಮ್ಮ ಕೂಸುಗಳನ್ನು, ಹದಿಹರೆಯದ ಮಕ್ಕಳನ್ನು ಮೊದಲು ನೋಡುವ ಓಣಿ ಡಾಕ್ಟರುಗಳಿಗೆ ಅವರನ್ನು ನೋಡುವ ಬಗೆಯನ್ನು ಇನ್ನಷ್ಟು ಕಲಿಸಿ.

ಕಳೆದ ಮಳೆಗಾಲದ ಒಂದು ಸಂಜೆ. ಆನಗೋಡು ಕಡೆಯ ತಾಯಿಯೊಬ್ಬಳು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಮೈ ಸುಡುವ ಜ್ವರ. ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಪ್ಯಾರಾಸಿಟಮಾಲ್, 5 ಎಂ.ಎಲ್., ದಿನಕ್ಕೆ ಮೂರು ಸಲ. ಕೂಸಿನ ತೂಕ ಇಲ್ಲ. ಸಿರಪ್ಪೋ ಡ್ರಾಪ್ಸೋ ಅಂತಲೂ ಇಲ್ಲ. ನಾನು ಬಾಟಲಿ ತೆಗೆಯುವಷ್ಟರಲ್ಲಿ ಆಕೆ ಚೀಲಕ್ಕೆ ಕೈ ಹಾಕಿ, "ಮನ್ಯಾಗೆ ಇದು ಐತ್ರಿ ಅಣ್ಣ, ಮೊನ್ನೆ ತಗೊಂಡಿದ್ದು. ಇದನ್ನೇ ಹಾಕ್ಲಾ?" ಅಂದಳು. ಕೈಯಲ್ಲಿದ್ದದ್ದು ಡ್ರಾಪ್ಸ್ ಬಾಟಲಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಅದೇ ಪ್ಯಾರಾಸಿಟಮಾಲ್ ನನ್ನ ಕಪಾಟಿನಲ್ಲಿ ಮೂರು ಥರ ಕೂತಿದೆ. 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುವ ಸಿರಪ್ ಒಂದು, 250 ಇರುವುದು ಇನ್ನೊಂದು. ಮೂರನೆಯದು ಡ್ರಾಪ್ಸ್. ಅದರಲ್ಲಿ ಒಂದೇ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ. ಆಕೆ ಮನೆಗೆ ಹೋಗಿ ಆ ಡ್ರಾಪ್ಸನ್ನು 5 ಎಂ.ಎಲ್. ಕುಡಿಸಿದ್ದರೆ ಕೂಸಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತಿತ್ತು. ನಾನು ತಲೆನೋವಿಗೆ ನುಂಗುವ ಮಾತ್ರೆ ಅದು. ಅದೂ ದಿನಕ್ಕೆ ಮೂರು ಸಲ.

"ಕೂಸು ಎಷ್ಟು ತೂಕ ಐತಮ್ಮ?" ಅಂದೆ. ಗೊತ್ತಿಲ್ಲ. ಅಂಗನವಾಡಿಯಲ್ಲಿ ತೂಗಿದ್ದರಂತೆ, ಎಷ್ಟು ಅಂತ ನೆನಪಿಲ್ಲ. ನನ್ನ ಅಂಗಡಿಯಲ್ಲಿದ್ದದ್ದು ದೊಡ್ಡವರು ನಿಂತು ನೋಡುವ ಮಿಷನ್ನು. ಪಕ್ಕದ ಕಿರಾಣಿ ಅಂಗಡಿಗೆ ಓಡಿದೆವು. ಅವರು ಬೆಲ್ಲದ ಅಚ್ಚು ಪಕ್ಕಕ್ಕಿಟ್ಟು, ತಕ್ಕಡಿ ಮೇಲೆ ಟವೆಲ್ ಹಾಸಿದರು. ಕೂಸು ಅಳುವುದನ್ನು ಮರೆತು ಕೆಂಪು ಅಂಕಿಗಳನ್ನೇ ನೋಡುತ್ತಾ ಕೂತಿತು. 7 ಕೆಜಿ 200 ಗ್ರಾಂ. ಟವೆಲ್ ಸೇರಿ.

ಕೆಜಿಗೆ 15 ಮಿಲಿಗ್ರಾಂ ಅಂದರೂ 108 ಮಿಲಿಗ್ರಾಂ ಆಯಿತು. ಡ್ರಾಪ್ಸ್ ಆದರೆ ಒಂದು ಎಂ.ಎಲ್. ಸಾಕು. ಡಾಕ್ಟರಿಗೆ ಫೋನ್ ಹಚ್ಚಿದೆ. "ಹೌದಲ್ರೀ, ನಾನು 125ರ ಸಿರಪ್ ಅಂದ್ಕೊಂಡು ಬರೆದೆ, ತಿದ್ದಿಕೊಡ್ರಿ" ಅಂದರು. ಅವರು ಒಳ್ಳೆಯ ಡಾಕ್ಟರು. ತಪ್ಪು ಅವರ ಬುದ್ಧಿಯಲ್ಲಿರಲಿಲ್ಲ. 125 ಅನ್ನೋದು ತಲೆಯಲ್ಲಿತ್ತು, ಚೀಟಿಯಲ್ಲಿರಲಿಲ್ಲ. ಸಂಜೆ ಅರವತ್ತು ಜನರನ್ನು ನೋಡುವವರ ತಲೆಯಿಂದ ಚೀಟಿಗೆ ಎಲ್ಲವೂ ಇಳಿಯುವುದಿಲ್ಲ. ದೊಡ್ಡವರಿಗಾದರೆ ಒಂದು ಮಾತ್ರೆ, ಎರಡು ಮಾತ್ರೆ ಅಂತ ಬರೆದು ಬಚಾವಾಗಬಹುದು. ಕೂಸಿನ ವಿಷಯದಲ್ಲಿ ತೂಕವಿಲ್ಲದ ಚೀಟಿ ಅಂದರೆ ನಂಬರ್ ಬರೆಯದ ಕನ್ನಡಕದ ಚೀಟಿ ಇದ್ದ ಹಾಗೆ.

ನಾನೂ ಏನು ಸಾಚಾ ಅಲ್ಲ. ಶುರುವಿನ ವರ್ಷಗಳಲ್ಲಿ ಜ್ವರ ಅಂತ ಬಂದ ಮಕ್ಕಳಿಗೆ ನಿಮೆಸುಲೈಡ್ ಸಿರಪ್ ಎಷ್ಟು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಜ್ವರ ಬೇಗ ಇಳಿಯುತ್ತಿತ್ತು, ತಾಯಂದಿರು ಖುಷಿಯಾಗುತ್ತಿದ್ದರು. 2011ರಲ್ಲಿ ಸರ್ಕಾರ 12 ವರ್ಷದೊಳಗಿನವರಿಗೆ ಅದನ್ನು ನಿಷೇಧಿಸಿದಾಗಲೇ ನನಗೆ ಎಚ್ಚರವಾದದ್ದು. ಅಲ್ಲಿಯವರೆಗೆ ಯಾರೂ ನನ್ನನ್ನು ಕೂರಿಸಿಕೊಂಡು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದಾವಣಗೆರೆ ಅಂದರೆ ಬೆಣ್ಣೆದೋಸೆ ಬಿಟ್ಟರೆ ಆಸ್ಪತ್ರೆ, ಕಾಲೇಜು. ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಮಕ್ಕಳಿಗೇ ಅಂತ ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಚಿಗಟೇರಿ ಆಸ್ಪತ್ರೆ ಇದೆ. ಸುತ್ತಲ ಜಿಲ್ಲೆಗಳಿಂದ ಮಕ್ಕಳನ್ನು ಇಲ್ಲಿಗೇ ಕರೆತರುತ್ತಾರೆ. ಇಷ್ಟೆಲ್ಲ ಇರುವುದರಿಂದಲೇ ನಮಗೊಂದು ಭ್ರಮೆ. ದೊಡ್ಡಾಸ್ಪತ್ರೆ ಇದೆಯಲ್ಲ, ಇನ್ನೇನು ಅಂತ. ಆದರೆ ನಮ್ಮೂರಲ್ಲಿ ಮಕ್ಕಳ ಡಾಕ್ಟರು ತಯಾರಾಗುತ್ತಾರೆ, ನಮ್ಮ ಮಕ್ಕಳನ್ನು ಮೊದಲು ನೋಡುವವರು ಮಾತ್ರ ಬೇರೆ ಡಾಕ್ಟರು. ಮಾಯಕೊಂಡದ ಕೂಸಿಗೆ ಭೇದಿ ಹತ್ತಿದರೆ, ಜಗಳೂರಿನ ಹುಡುಗಿಗೆ ತಲೆ ಸುತ್ತು ಬಂದರೆ ಮೊದಲು ಹೋಗುವುದು ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲಾ ಬಸ್ ಸ್ಟ್ಯಾಂಡ್ ಪಕ್ಕದ ಕ್ಲಿನಿಕ್ಕಿಗೆ. ಅಜ್ಜನ ಬಿಪಿ, ಅಮ್ಮನ ಮಂಡಿನೋವು, ಕೂಸಿನ ಕೆಮ್ಮು ಎಲ್ಲ ಒಂದೇ ಟೇಬಲ್ಲಿಗೆ ಬರುತ್ತವೆ. ಆ ಟೇಬಲ್ಲಿನ ಹಿಂದೆ ಕೂತವರು ಯಾವ ಪದ್ಧತಿಯವರು ಅನ್ನೋ ಜಗಳ ಇಲ್ಲಿ ಬೇಡ.

ಅವರು ಮಕ್ಕಳ ಬಗ್ಗೆ ಎಷ್ಟು ಕಲಿತು ಬಂದಿರುತ್ತಾರೆ? ನನ್ನ ಅಕ್ಕನ ಮಗಳು ಬೇರೆ ಊರಿನ ಕಾಲೇಜೊಂದರಲ್ಲಿ ಈ ವರ್ಷ ಇಂಟರ್ನ್. ಅವಳನ್ನೇ ಕೇಳಿದೆ. ಪುಸ್ತಕದ ಓದು, ಪರೀಕ್ಷೆ ಎಲ್ಲ ಇದೆ. ಆದರೆ ಕೈಯಾರೆ ಕಲಿಯುವ ಇಂಟರ್ನ್‌ಶಿಪ್ ವರ್ಷದಲ್ಲಿ, 2021ರ ನಿಯಮದ ಪ್ರಕಾರ, ಮಕ್ಕಳ ವಿಭಾಗಕ್ಕೆ ಸಿಗುವುದು 3 ವಾರ. ಮನೋರೋಗ ವಿಭಾಗಕ್ಕೆ 2 ವಾರ. "ಮಾವ, ಒಂದು ವಾರ ವಾರ್ಡು ಯಾವ ಕಡೆ ಇದೆ ಅಂತ ಗೊತ್ತಾಗೋಕೆ, ಒಂದು ವಾರ ಸಣ್ಣ ಕೈಯಲ್ಲಿ ನರ ಹುಡುಕೋಕೆ, ಇನ್ನೊಂದು ವಾರ ಲ್ಯಾಬಿಗೆ ಓಡಾಡೋಕೆ. ಮುಗೀತು" ಅಂದಳು. ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ಎರಡು ವರ್ಷ ಫೌಂಡೇಶನ್ ಅನ್ನೋ ತರಬೇತಿ, ಆಮೇಲೆ ಮೂರು ವರ್ಷ ಕುಟುಂಬ ವೈದ್ಯರಾಗುವ ತರಬೇತಿ. ಅಷ್ಟಾದರೂ ಮಕ್ಕಳ ವಿಷಯದಲ್ಲಿ ಸಾಲದು ಅಂತ ಅಲ್ಲಿಯವರೇ ಗೊಣಗುತ್ತಾರಂತೆ. ನಮ್ಮಲ್ಲಿ ಇಂಟರ್ನ್‌ಶಿಪ್ ಮುಗಿಸಿ ನೋಂದಣಿ ಆದರೆ ಸಾಕು, ಬೋರ್ಡ್ ಹಾಕಬಹುದು.

ಅವಳು ಯುಗಾದಿಗೆ ಬಂದಾಗ ಅಂಗಡಿಯಲ್ಲಿ ಕೂತಿದ್ದಳು. ಒಬ್ಬ ಅಜ್ಜಿ ಹತ್ತು ತಿಂಗಳ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಕೆಮ್ಮಿನ ಸಿರಪ್ಪಿಗೆ ಬಂದರು. ಇವಳು ಎದ್ದು, ಕೂಸಿನ ಅಂಗಿ ಎತ್ತಿ, ಮೊಬೈಲಿನಲ್ಲಿ ಟೈಮರ್ ಹಾಕಿ ಹೊಟ್ಟೆ ಏರಿಳಿಯುವುದನ್ನು ಎಣಿಸತೊಡಗಿದಳು. ಪೂರ್ತಿ ಒಂದು ನಿಮಿಷ. ಮೂರು ಜನ ಗಿರಾಕಿಗಳು ಕಾಯುತ್ತಿದ್ದರು. ಒಂದು ನಿಮಿಷ ಎಷ್ಟು ಉದ್ದ ಅಂತ ನನಗೆ ಅವತ್ತು ಗೊತ್ತಾಯಿತು. ಐವತ್ತಾರು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಅಲ್ಲಿಗೆ ಮುಟ್ಟಿದರೆ ಅದು ಬರೀ ನೆಗಡಿ ಅಲ್ಲ, ನ್ಯುಮೋನಿಯಾ ಇರಬಹುದು ಅಂತ ಲೆಕ್ಕ. ಅದರ ಜೊತೆ ಆ ಕೂಸಿಗೆ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ನಾಲ್ಕು ದಿನ ಇಟ್ಟುಕೊಂಡು ನೋಡಿ ಕಳಿಸಿದರು.

ಈ ಎಣಿಕೆಗೆ ಯಂತ್ರ ಬೇಡ, ದುಡ್ಡು ಬೇಡ. ಆಶಾ ಕಾರ್ಯಕರ್ತೆಯರಿಗೂ ಕಲಿಸಿದ್ದಾರೆ. ಆದರೆ ಕ್ಲಿನಿಕ್ಕುಗಳಲ್ಲಿ ಎಣಿಸುವುದನ್ನು ನಾನು ಅಪರೂಪಕ್ಕೂ ಕೇಳಿಲ್ಲ. ಎಣಿಸದೇ ಇರುವುದರಿಂದ ಎರಡು ಕಡೆಯಿಂದಲೂ ನಷ್ಟ. ಬೇಕಾದ ಕೂಸಿಗೆ ಬರೀ ಸಿರಪ್ ಸಿಗುತ್ತದೆ, ಬೇಡದ ಕೂಸಿಗೆ ಆಂಟಿಬಯೋಟಿಕ್ ಸಿಗುತ್ತದೆ. ಎರಡನೆಯದರಲ್ಲಿ ನನಗೆ ವ್ಯಾಪಾರ, ಅದನ್ನೂ ಹೇಳಿಬಿಡುತ್ತೇನೆ.

ಕೆಮ್ಮಿನ ಸಿರಪ್ ವಿಷಯ ಬಂದಿತಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಕಿಡ್ನಿ ಹೋಗಿ ಸತ್ತರು. ಆ ವಾರ ತಾಯಂದಿರು ಬಾಟಲಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು "ಇದು ಅದೇನಾ ಅಣ್ಣ?" ಅಂತ ತೋರಿಸಿದರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಔಷಧಿ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದಿಂದ ಸೂಚನೆ ಬಂತು. ಒಂದು ತಿಂಗಳು ಚೀಟಿಗಳು ಬದಲಾದವು. ಆಮೇಲೆ ಮೊದಲಿನ ಹಾಗೇ. ಸುತ್ತೋಲೆಯಿಂದ ಕೈ ಬದಲಾಗಲ್ಲ, ಅಲ್ವಾ? ಸಿರಪ್ ಕೇಳುವ ಅಜ್ಜಿಗೆ ಸಿರಪ್ ಬರೆಯದೆ ಕಳಿಸುವುದು ಹೇಗೆ, ಬೇಡ ಅನ್ನೋದನ್ನ ಎರಡು ಮಾತಲ್ಲಿ ಹೇಳುವುದು ಹೇಗೆ ಅನ್ನೋದನ್ನೂ ಯಾರಾದರೂ ಮಾಡಿ ತೋರಿಸಬೇಕು.

ಭೇದಿಯ ಕತೆಯೂ ಇದೇ. ಓಆರ್‌ಎಸ್ ಜೊತೆ ಜಿಂಕ್ 14 ದಿನ ಕೊಡಬೇಕು. ಚೀಟಿಯಲ್ಲಿ ಮೂರು ದಿನಕ್ಕೆ ಬರೆದಿರುತ್ತದೆ, ಇಲ್ಲಾ ಇರುವುದೇ ಇಲ್ಲ. ಬದಲಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸಿರುತ್ತಾರೆ. ಓಆರ್‌ಎಸ್ ಅಂತ ಹೆಸರು ಹಾಕಿಕೊಂಡ ಸಕ್ಕರೆ ಪಾನೀಯಗಳನ್ನು ನಾನೂ ವರ್ಷಗಟ್ಟಲೆ ಮಾರಿದ್ದೇನೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಾನುಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆ ಹೆಸರು ಬಳಸಬಾರದು ಅಂತ ಆದೇಶವಾಯಿತು. ಇನ್ನು ಕೂಸು ಊಟ ಮಾಡಲ್ಲ ಅಂದರೆ ಹಸಿವಿನ ಟಾನಿಕ್. ಕುಡಿದ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ, ಯಾಕೆಂದರೆ ಅದರಲ್ಲಿರುವುದು ಹೆಚ್ಚಾಗಿ ಅಲರ್ಜಿಯ ಔಷಧಿಯೇ. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತ ಕಡಿಮೆ, 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ತೂಕವನ್ನೇ ಬರೆಯದ ಮೇಲೆ ಬೆಳೆದಿಲ್ಲ ಅನ್ನೋದು ಯಾರಿಗೆ ಗೊತ್ತಾಗಬೇಕು?

ಇನ್ನು ದೊಡ್ಡ ಮಕ್ಕಳ ವಿಷಯ. ನಿಜ ಹೇಳಬೇಕೆಂದರೆ ಈ ಪತ್ರ ಬರೆಯಲು ಕೂತಿದ್ದೇ ಅವರಿಗಾಗಿ.

ಹದಿಮೂರು ಹದಿನಾಲ್ಕು ದಾಟಿದ ಮೇಲೆ ನಮ್ಮ ಮಕ್ಕಳು ಯಾವ ಸಾಲಿಗೂ ಸೇರಲ್ಲ. 18ರವರೆಗೂ ಮಕ್ಕಳ ಡಾಕ್ಟರ್ ನೋಡಬಹುದು. ಆದರೆ ಮೀಸೆ ಬಂದ ಹುಡುಗ ಗೋಡೆ ತುಂಬ ಬೊಂಬೆ ಅಂಟಿಸಿದ ಕೋಣೆಯಲ್ಲಿ ಅಳುವ ಕೂಸುಗಳ ನಡುವೆ ಕೂರುತ್ತಾನಾ? ದೊಡ್ಡವರ ಡಾಕ್ಟರ ಹತ್ತಿರ ಅಪ್ಪ ಅಮ್ಮ ಕರೆದುಕೊಂಡು ಹೋಗುತ್ತಾರೆ, ಮಾತೂ ಅವರೇ ಆಡುತ್ತಾರೆ. ಹಾಗಾಗಿ ಈ ವಯಸ್ಸಿನವರು ಒಂಟಿಯಾಗಿ ಬರುವ ಜಾಗ ಒಂದೇ. ನನ್ನ ಅಂಗಡಿ. ಅದೂ ರಾತ್ರಿ ಒಂಬತ್ತರ ಹೊತ್ತಿಗೆ, ಬೇರೆ ಗಿರಾಕಿ ಇಲ್ಲದಾಗ.

ಒಂದು ದಿನ ಶಟರ್ ಅರ್ಧ ಎಳೆದಿದ್ದೆ. ಪಿಯು ಓದುವ ಹುಡುಗಿ, ಹಾಸ್ಟೆಲಿನವಳಿರಬೇಕು. ಮೊದಲು ಕೆಮ್ಮಿನ ಗುಳಿಗೆ ಕೇಳಿದಳು. ಆಮೇಲೆ ಶಾಂಪೂ ಕೇಳಿದಳು. ಹೋಗಲಿಲ್ಲ. ಕೊನೆಗೆ, "ಅಂಕಲ್, ಮುಟ್ಟಾಗೋ ಮಾತ್ರೆ ಇರುತ್ತಾ?" ಅಂದಳು. ಮೂರು ತಿಂಗಳಾಗಿತ್ತಂತೆ. ಮುಖದ ಮೇಲೆ ಕೂದಲು ಬರುತ್ತಿದೆಯಂತೆ, ಯೂಟ್ಯೂಬಿನಲ್ಲಿ ಏನೇನೋ ನೋಡಿ ಹೆದರಿದ್ದಳು. ಡಾಕ್ಟರ ಹತ್ತಿರ ಹೋಗಲಿಲ್ವಾ ಅಂದರೆ, "ಹೋಗಿದ್ದೆ. ಅಪ್ಪ ಪಕ್ಕದಲ್ಲೇ ಕೂತಿದ್ರು. ಹೊಟ್ಟೆನೋವು ಅಂದುಬಿಟ್ಟೆ."

ಗ್ಯಾಸಿನ ಮಾತ್ರೆ ಬರೆದಿದ್ದರು. ಅದನ್ನು ಕೊಟ್ಟಿದ್ದೂ ನಾನೇ.

ನಾನು ಆಕೆಗೆ ಮಾತ್ರೆ ಕೊಡಲಿಲ್ಲ. ಒಬ್ಬ ಲೇಡಿ ಡಾಕ್ಟರ ವಿಳಾಸ ಬರೆದುಕೊಟ್ಟೆ. ಹೋದಳೋ ಇಲ್ಲವೋ ಗೊತ್ತಿಲ್ಲ. ಇಲ್ಲೊಂದು ತಮಾಷೆ ಇದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮುಟ್ಟು ಮುಂದೂಡುವ ಮಾತ್ರೆ ಕೇಳಿಕೊಂಡು ಅಮ್ಮಂದಿರು ಹಾಡುಹಗಲೇ ಬರುತ್ತಾರೆ, ಮಗಳಿಗೆ ಅಂತ, ಚೀಟಿ ಇಲ್ಲದೆ. ಆಗ ನಾಚಿಕೆ ಇರಲ್ಲ. ಅದೇ ಮಗಳು ತನಗಾಗಿ ಒಂದು ಪ್ರಶ್ನೆ ಕೇಳಬೇಕಾದರೆ ರಾತ್ರಿ ಒಂಬತ್ತಾಗಬೇಕು.

ಹುಡುಗರದ್ದು ಇನ್ನೊಂದು. ಮೊಡವೆಗೆ, ಬೆಳ್ಳಗಾಗೋಕೆ ಅಂತ ಸ್ಟೀರಾಯ್ಡ್ ಮುಲಾಮು ಕೇಳುತ್ತಾರೆ. 2018ರಿಂದ ಅದನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಆದರೂ ಗೆಳೆಯನ ಟ್ಯೂಬ್ ಹಿಡಿದು ಬರುತ್ತಾರೆ. ಒಬ್ಬ ಹುಡುಗ, ನೀಟ್‌ಗೆ ಓದುತ್ತಿದ್ದವನು, ಅಜ್ಜಿಗೆ ಅಂತ ನಿದ್ದೆ ಮಾತ್ರೆ ಕೇಳಿದ. ಕೊಡಲಿಲ್ಲ. ಮುಂದಿನ ವಾರ ತಾಯಿ ಜೊತೆ ಕ್ಲಿನಿಕ್ಕಿಗೆ ಹೋಗಿ ಚೀಟಿ ತಂದ. ಬಿ ಕಾಂಪ್ಲೆಕ್ಸ್, ಒಂದು ಟಾನಿಕ್. "ಓದೋ ಟೆನ್ಶನ್ ಅಂತ್ರಿ, ಮೊಬೈಲ್ ಕಮ್ಮಿ ಮಾಡು ಅಂದ್ರು ಡಾಕ್ಟ್ರು" ಅಂತ ತಾಯಿ ಹೇಳಿದಳು. ಹುಡುಗ ನನ್ನ ಮುಖ ನೋಡಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂರದೆ ಊರಿಗೆ ಹೋದ ಅಂತ ಆಮೇಲೆ ಗೊತ್ತಾಯಿತು.

ಆ ಡಾಕ್ಟರಿಗೆ ಏನು ಕಷ್ಟ ಅಂತಲೂ ನನಗೆ ಗೊತ್ತು. ನಮ್ಮ ಕ್ಲಿನಿಕ್ಕುಗಳಲ್ಲಿ ಒಬ್ಬರನ್ನು ನೋಡುವಾಗ ಮುಂದಿನ ಮೂವರು ಒಳಗಿನ ಬೆಂಚಿನ ಮೇಲೆ ಕೂತೇ ಇರುತ್ತಾರೆ. ಕಾಂಪೌಂಡರ್ ಅದೇ ಓಣಿಯವನು. ಅಲ್ಲಿ ಯಾವ ಹುಡುಗ ಬಾಯಿ ಬಿಡುತ್ತಾನೆ? ಹಾಗೆ ನೋಡಿದರೆ "ನೀವು ಐದು ನಿಮಿಷ ಹೊರಗೆ ಕೂತಿರಿ, ಈ ವಯಸ್ಸಿನವರನ್ನ ನಾನು ಒಬ್ಬೊಬ್ಬರನ್ನೇ ಮಾತಾಡಿಸ್ತೀನಿ, ಎಲ್ಲರಿಗೂ ಹೀಗೇ" ಅಂತ ಅಪ್ಪನಿಗೆ ಹೇಳುವುದು ಒಂದು ಕಲೆ. ಹುಡುಗಿಯಾದರೆ ನರ್ಸ್ ಒಳಗಿರಬೇಕು. ಮೊದಲು ಮನೆ, ಆಮೇಲೆ ಕಾಲೇಜು, ಊಟ, ನಿದ್ದೆ, ಗೆಳೆಯರು, ಸಿಗರೇಟು ಗುಟ್ಕಾ, ಪ್ರೀತಿ ಪ್ರೇಮ. ಕಟ್ಟಕಡೆಗೆ "ಬದುಕೋದೇ ಬೇಡ ಅನ್ಸಿದ್ದಿದೆಯಾ?" ಅಂತ ಕೇಳಬೇಕು. ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ನಾನೂ ನಂಬಿದ್ದೆ. ಹಾಗಾಗಲ್ಲ, ಕೇಳಿದರೆ ಅವರಿಗೆ ಹಗುರಾಗುತ್ತದೆ ಅಂತ ಅಕ್ಕನ ಮಗಳು ತಿಳಿಸಿದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಯಾವ ಚೀಟಿಯ ಮೇಲೂ ನಾನು ಕಂಡಿಲ್ಲ.

ಕಾನೂನಿನ ಭಯವೂ ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18ರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಯಾರೇ ಆದರೂ ತಿಳಿಸಲೇಬೇಕು, ಡಾಕ್ಟರೂ ಸೇರಿ. ಹಾಗಾಗಿ "ಯಾರಿಗೂ ಹೇಳಲ್ಲ, ಹೇಳಮ್ಮ" ಅಂತ ಮಾತು ಕೊಟ್ಟರೆ ಆಮೇಲೆ ಉಳಿಸಿಕೊಳ್ಳೋಕಾಗಲ್ಲ. ಯಾವುದನ್ನು ಗುಟ್ಟಾಗಿಡಬಹುದು, ಯಾವುದನ್ನು ಆಗಲ್ಲ ಅಂತ ಮೊದಲೇ ಹೇಳಿ ಮಾತು ಶುರು ಮಾಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಡಾಕ್ಟರು ಆ ತಂಟೆಯೇ ಬೇಡ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ.

ಸರ್ಕಾರ ಸುಮ್ಮನೆ ಕೂತಿಲ್ಲ. 2013ರಿಂದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡಗಳು ಶಾಲೆ, ಅಂಗನವಾಡಿಗೆ ಹೋಗುತ್ತಿವೆ. 2014ರಲ್ಲಿ ಹದಿಹರೆಯದವರಿಗೇ ಅಂತ ಒಂದು ಕಾರ್ಯಕ್ರಮ ಬಂತು, ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಕೋಣೆಗಳಿವೆ. ಆದರೆ ನನ್ನ ಅಂಗಡಿಗೆ ಬರುವ ಪಿಯು ಮಕ್ಕಳಲ್ಲಿ ಹತ್ತು ಜನರನ್ನು ಕೇಳಿದೆ. ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಬೋರ್ಡ್ ಇರುವ ಕೋಣೆಗೆ ಅವರು ಹೋಗಲ್ಲ ಸರ್. ಹೋಗುವುದು ಮನೆ ಡಾಕ್ಟರ ಹತ್ತಿರ. ಅದಕ್ಕೇ ಆ ಡಾಕ್ಟರಿಗೇ ಕಲಿಸಿ ಅನ್ನುತ್ತಿದ್ದೇನೆ.

ಕಲಿಸುವುದು ಅಂದರೆ ಹಾಲ್ ಬಾಡಿಗೆ ಹಿಡಿದು, ಟೀ ಬಿಸ್ಕತ್ತು ಕೊಟ್ಟು, ಸ್ಲೈಡ್ ತೋರಿಸುವುದಲ್ಲ. ಹೋಟೆಲಿನಲ್ಲಿ ಕಂಪನಿಯವರು ಊಟ ಹಾಕಿಸುವ ಉಪನ್ಯಾಸವಂತೂ ಬೇಡವೇ ಬೇಡ. ಅಲ್ಲಿ ಮಾರಾಟದ ಔಷಧಿ ಇರುವ ಕಾಯಿಲೆ ಬಗ್ಗೆ ಮಾತ್ರ ಮಾತು. ಉಸಿರು ಎಣಿಸುವುದನ್ನು ಯಾವ ಕಂಪನಿ ಮಾರುತ್ತದೆ ಹೇಳಿ. ವಾಯವ್ಯ ಲಂಡನ್ನಿನ ಕಡೆ ಮಕ್ಕಳ ತಜ್ಞರೇ ನಿಗದಿ ಮಾಡಿದ ದಿನ ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಹೋಗಿ, ಪಕ್ಕದಲ್ಲೇ ಕೂತು, ಒಂದೇ ಮಗುವನ್ನು ಇಬ್ಬರೂ ಸೇರಿ ನೋಡುತ್ತಾರಂತೆ. ನಮಗೆ ಅದು ಇನ್ನೂ ಸುಲಭ. ಕೂಗಳತೆಯಲ್ಲಿ ಕಾಲೇಜುಗಳಿವೆ. ಪಿಜಿ ಓದುವ ಡಾಕ್ಟರುಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನೋ ನಿಯಮ ಈಗ ಇದೆ. ಮಕ್ಕಳ ವಿಭಾಗದ ಪಿಜಿಗಳನ್ನು ಆ ಮೂರು ತಿಂಗಳಲ್ಲಿ ವಾರಕ್ಕೊಂದು ದಿನ ಒಂದೊಂದು ಪಿಎಚ್‌ಸಿಗೆ ಕಳಿಸಿ. ಹಿರಿಯರು ತಿಂಗಳಿಗೊಮ್ಮೆ ಹೋಗಲಿ. ಅಂದು ಆ ಊರಿನ ಖಾಸಗಿ ಡಾಕ್ಟರನ್ನೂ ಕರೆಯಿರಿ, ತಮ್ಮ ಕೈಗೆ ಹತ್ತದ ಮಗುವನ್ನು ಕರೆದುಕೊಂಡೇ ಬರಲಿ. ಹೀಗೆ ನೋಡುವಾಗ ಪಿಜಿ ಡಾಕ್ಟರೂ ಒಂದು ಪಾಠ ಕಲಿಯುತ್ತಾರೆ. ಅರವತ್ತು ಜನ ಕಾಯುವಾಗ ಒಂದು ನಿಮಿಷ ಉಸಿರು ಎಣಿಸುವುದು ಎಷ್ಟು ಕಷ್ಟ ಅಂತ.

ಹಾಜರಾತಿಗೂ ದಾರಿ ಇದೆ. ಡಾಕ್ಟರುಗಳು ಐದು ವರ್ಷಕ್ಕೆ 30 ಗಂಟೆ ಹೊಸದನ್ನು ಕಲಿಯಬೇಕು ಅಂತ 2002ರ ವೈದ್ಯ ನೀತಿ ನಿಯಮ ಹೇಳುತ್ತದೆ. ಈ ದಿನಗಳನ್ನು ಆ ಲೆಕ್ಕಕ್ಕೆ ಹಿಡಿಯುವಂತೆ ವೈದ್ಯಕೀಯ ಪರಿಷತ್ತಿಗೆ ಒಂದು ಪತ್ರ ಬರೆಯಿರಿ.

ಇದೆಲ್ಲ ಆಗಲು ವರ್ಷ ಹಿಡಿಯಬಹುದು. ಒಂದು ಕೆಲಸ ಮಾತ್ರ ನಾಳೆಯೇ ಆಗಬಹುದು. ಜಿಲ್ಲೆಯ ಪ್ರತಿ ಪಿಎಚ್‌ಸಿಯ ಚೀಟಿಯ ಮೇಲೂ ಹೆಸರು, ವಯಸ್ಸು ಆದ ಮೇಲೆ "ತೂಕ" ಅಂತ ಒಂದು ಗೆರೆ ಅಚ್ಚು ಹಾಕಿಸಿ. ಖಾಸಗಿಯವರಿಗೂ ಮನವಿ ಮಾಡಿ. ತೂಕ ಖಾಲಿ ಬಿಟ್ಟ ಮಕ್ಕಳ ಚೀಟಿ ಬಂದರೆ ಡಾಕ್ಟರಿಗೆ ಫೋನ್ ಮಾಡಿ ಕೇಳುವಂತೆ ನಮ್ಮಂಥ ಅಂಗಡಿಯವರಿಗೂ ಹೇಳಿ. ತರಬೇತಿಯಲ್ಲಿ ನಮ್ಮನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿ. ನಮ್ಮಿಂದಲೂ ತಪ್ಪಾಗುತ್ತದೆ ಅಂತ ಆಗಲೇ ಒಪ್ಪಿಕೊಂಡಿದ್ದೇನಲ್ಲ.

ಕಳೆದ ತಿಂಗಳು ಅಂಗಡಿಗೆ ಒಂದು ಕೂಸು ತೂಗುವ ತಕ್ಕಡಿ ತಂದಿಟ್ಟಿದ್ದೇನೆ. ಪಕ್ಕದ ಕಿರಾಣಿಯವರಿಗೆ ನೆಮ್ಮದಿಯಾಗಿದೆ. ನಿಮ್ಮ ಮೊದಲ ತರಬೇತಿಗೆ ತಕ್ಕಡಿ ಬೇಕಾದರೆ ಹೇಳಿಕಳಿಸಿ, ನಮ್ಮ ಹುಡುಗನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಸಂಜೆ ಆರರೊಳಗೆ ವಾಪಸ್ ಬಂದರೆ ಸಾಕು. ಆಮೇಲೆ ಕೂಸುಗಳು ಜಾಸ್ತಿ ಬರುತ್ತವೆ.

ಇಂತಿ,
ನಿಟುವಳ್ಳಿಯ ಒಬ್ಬ ಮೆಡಿಕಲ್ ಶಾಪಿನವನು
ದಾವಣಗೆರೆ